ಡಯಾಲಿಸಿಸ್ ಬೇಡವೆಂದರೆ ಮುಂದೇನು?



ಈ ದತ್ತಿ ಉಪನ್ಯಾಸದ ವಿಷಯ ಯಾವುದೆಂದು ಸಂಘಟಕರು ಫೋನಿನಲ್ಲಿ ಕೇಳಿದರು. ನಾನು ಹೇಳಿದ್ದನ್ನು ಕೇಳಿ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಸಾರ್, ಕಿಡ್ನಿ ಕಾಪಾಡಿಕೊಳ್ಳೋದು ಹೇಗೆ ಅಂತ ಇಟ್ಕೊಂಡ್ರೆ ಜನ ಜಾಸ್ತಿ ಬರ್ತಾರೆ" ಎಂದರು. ಬರುತ್ತಾರೆ, ನಿಜ. ಉಪ್ಪು ಕಡಿಮೆ ಮಾಡಿ. ಬಿಪಿ, ಶುಗರ್ ಹತೋಟಿಯಲ್ಲಿಡಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಬೇಡಿ. ಅಲ್ಲಿಗೆ ಆ ಉಪನ್ಯಾಸ ಮುಗಿಯಿತು. ಉಳಿದ ಹೊತ್ತನ್ನು, ಕಾಪಾಡಿಕೊಳ್ಳಲು ಆಗದೇ ಹೋದವರಿಗೆ ಮೀಸಲಿಡೋಣ ಎಂದೆ. ಅವರು ಒಪ್ಪಿದರು. ಸಭಾಂಗಣದಲ್ಲಿ ಖಾಲಿ ಕುರ್ಚಿಗಳು ಕಾಣುತ್ತಿವೆ. ಆ ಲೆಕ್ಕದಲ್ಲಿ ಅವರ ಮಾತೂ ಸುಳ್ಳಾಗಲಿಲ್ಲ.

ಎಪ್ಪತ್ತೈದು ದಾಟಿದ ಒಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಕ್ಕರೆ ಕಾಯಿಲೆ ಬಂದು ಎರಡು ದಶಕವಾಗಿದೆ, ಎದೆಗೆ ಸ್ಟೆಂಟ್ ಬಿದ್ದಿದೆ, ಮಂಡಿ ಹಿಡಿದಿದೆ, ಈಗ ಕಿಡ್ನಿಯೂ ಕೈಕೊಟ್ಟಿದೆ. ಡಯಾಲಿಸಿಸ್ ಶುರು ಮಾಡಬೇಕೆ, ಅಥವಾ ಯಂತ್ರದ ಗೊಡವೆಯಿಲ್ಲದೆ ಔಷಧಿ, ಆರೈಕೆಯಲ್ಲೇ ಉಳಿದ ಕಾಲವನ್ನು ಕಳೆಯಬೇಕೆ? ನಮ್ಮಲ್ಲಿ ಇದು ತೀರ್ಮಾನವಾಗುವುದು ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ, ಐಸಿಯು ಹೊರಗಿನ ಕಾರಿಡಾರಿನಲ್ಲಿ. ಶ್ವಾಸಕೋಶಕ್ಕೆ ನೀರು ತುಂಬಿ ಏದುಸಿರು ಬಿಡುತ್ತಿರುವ ತಾಯಿ ಒಳಗೆ. ಸಹಿ ಹಾಕಬೇಕಾದ ಫಾರಂ ಹಿಡಿದ ಮಗ ಹೊರಗೆ. "ಈಗ ಡಯಾಲಿಸಿಸ್ ಮಾಡದಿದ್ರೆ ಉಳಿಯಲ್ಲ" ಎನ್ನುತ್ತಾರೆ ಡ್ಯೂಟಿ ಡಾಕ್ಟರು. ಆ ರಾತ್ರಿಯ ಮಟ್ಟಿಗೆ ಅವರು ಹೇಳುವುದು ಸರಿಯೇ. ಮಗ ಸಹಿ ಹಾಕುತ್ತಾನೆ, ಯಾರಾದರೂ ಹಾಕುತ್ತಾರೆ. ಕತ್ತಿನ ರಕ್ತನಾಳಕ್ಕೆ ಕೊಳವೆ ತೂರಿಸಿ ಮೊದಲ ಡಯಾಲಿಸಿಸ್ ಆಗುತ್ತದೆ. ಬೆಳಿಗ್ಗೆ ತಾಯಿ ಕಣ್ಣು ಬಿಟ್ಟು ಕಾಫಿ ಕೇಳುತ್ತಾರೆ. ಎಲ್ಲರಿಗೂ ಸಮಾಧಾನ. ಇದು ಒಂದು ಸಲದ ಚಿಕಿತ್ಸೆಯಲ್ಲ, ಇರುವಷ್ಟು ದಿನವೂ ನಡೆಯಬೇಕಾದದ್ದು ಎಂಬುದು ಮನೆಯವರಿಗೆ ಮನದಟ್ಟಾಗುವ ಹೊತ್ತಿಗೆ ಎರಡು ಮೂರು ವಾರ ಕಳೆದಿರುತ್ತದೆ.

ಸಿಟ್ಟು ಬರುವುದು ಇಲ್ಲಿ. ಕಿಡ್ನಿ ಹೀಗೆ ರಾತ್ರೋರಾತ್ರಿ ನಿಲ್ಲುವುದು ಅಪರೂಪ. ದೀರ್ಘಕಾಲದ ಕಿಡ್ನಿ ಕಾಯಿಲೆ ವರ್ಷಗಟ್ಟಲೆ ಇಳಿಜಾರಿನಲ್ಲಿ ನಡೆಯುತ್ತದೆ. ಲ್ಯಾಬಿನ ಚೀಟಿಯಲ್ಲಿ ಕ್ರಿಯಾಟಿನಿನ್ ಜೊತೆಗೆ ಇಜಿಎಫ್‌ಆರ್ ಎಂಬ, ಕಿಡ್ನಿಯ ಸೋಸುವ ಶಕ್ತಿಯನ್ನು ತೋರಿಸುವ ಇನ್ನೊಂದು ಅಂಕಿ ಇರುತ್ತದೆ. ಅದು 15ಕ್ಕಿಂತ ಕೆಳಗಿಳಿದರೆ ಕೊನೆಯ ಹಂತ. ವಯಸ್ಸಾದವರಲ್ಲಿ ಮಾಂಸಖಂಡ ಕರಗಿರುವುದರಿಂದ ಕ್ರಿಯಾಟಿನಿನ್ ನೋಡಲು ಅಷ್ಟೇನೂ ಹೆಚ್ಚಿರುವುದಿಲ್ಲ, ಕಿಡ್ನಿ ಮಾತ್ರ ಆ ವೇಳೆಗೆ ಮುಕ್ಕಾಲು ಹೋಗಿರುತ್ತದೆ. ಹಾಗೆಂದು ಅಂಕಿ ಇಳಿದ ಕೂಡಲೇ ಓಡಬೇಕಾಗಿಯೂ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 828 ಜನರ ಮೇಲೆ ನಡೆದ 'ಐಡಿಯಲ್' ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಿಡ್ನಿಯ ಶಕ್ತಿ 10ರಿಂದ 14 ಇರುವಾಗಲೇ ಡಯಾಲಿಸಿಸ್ ಶುರು ಮಾಡುವ ಒಂದು ಗುಂಪು, 5ರಿಂದ 7ಕ್ಕೆ ಇಳಿಯುವವರೆಗೆ ಕಾಯುವ ಇನ್ನೊಂದು ಗುಂಪು. ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಯುವ ಗುಂಪಿನಲ್ಲೂ ಬಹಳ ಮಂದಿ ತೊಂದರೆ ಕಾಣಿಸಿಕೊಂಡದ್ದರಿಂದ ಮೊದಲೇ ಶುರು ಮಾಡಬೇಕಾಯಿತು ಎನ್ನುವುದನ್ನೂ ಹೇಳಬೇಕು. ಅಂದರೆ ಅಂಕಿಗಿಂತ ಲಕ್ಷಣ ಮುಖ್ಯ. ಮಾತಾಡಲು ಹಗಲು ಹೊತ್ತು ಬೇಕಾದಷ್ಟಿತ್ತು. ರಾತ್ರಿಯ ಕಾರಿಡಾರಿಗೆ ನಾವೇ ತಳ್ಳಿಕೊಂಡು ಬಂದೆವು.

ಡಯಾಲಿಸಿಸ್ ಎಂದರೆ ಏನು ಎಂದು ಒಂದು ಮಾತು. ಆರೋಗ್ಯವಂತರ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರಲ್ಲಿ ಒಂದೂವರೆ ಎರಡು ಲೀಟರ್ ಮೂತ್ರವಾಗಿ ಹೊರಹೋಗುತ್ತದೆ. ಕೆರೆಯ ಕೋಡಿಯಂತೆ ಅದು ಹಗಲಿರುಳು ಹರಿಯುತ್ತಲೇ ಇರುತ್ತದೆ. ಡಯಾಲಿಸಿಸ್ ಎಂದರೆ ಕೋಡಿ ಕಟ್ಟಿಹೋದ ಕೆರೆಗೆ ವಾರಕ್ಕೆ ಎರಡೋ ಮೂರೋ ಸಲ ತೂಬು ತೆಗೆದಂತೆ. ನಡುವಿನ ದಿನಗಳಲ್ಲಿ ನೀರು ಏರುತ್ತದೆ, ತೆಗೆದಾಗ ದಡಬಡ ಇಳಿಯುತ್ತದೆ. ಒಂದು ಸಿಟ್ಟಿಂಗ್ ನಾಲ್ಕು ಗಂಟೆ. ಎರಡು ದಪ್ಪ ಸೂಜಿ. ಯಂತ್ರದ ಮೂಲಕ ಹರಿದುಹೋಗುವ ಶುದ್ಧೀಕರಣದ ದ್ರವವೇ ಒಂದು ಸಲಕ್ಕೆ 120 ಲೀಟರ್. ಇಪ್ಪತ್ತೈದರ ಹುಡುಗನ ರಕ್ತನಾಳಗಳು ಈ ಏರಿಳಿತವನ್ನು ತಡೆದುಕೊಳ್ಳುತ್ತವೆ. ಎಂಬತ್ತರವರಿಗೆ ನಡುವೆಯೇ ಬಿಪಿ ಬೀಳುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಮನೆಗೆ ಬಂದಮೇಲೆ ಆ ದಿನವೆಲ್ಲ ಮಲಗುವುದೇ. ಹೊಟ್ಟೆಯೊಳಗೆ ದ್ರವ ಬಿಟ್ಟು ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್ ಮನೆಯಲ್ಲೇ ಮಾಡಬಹುದಾದದ್ದು, ಹೃದಯಕ್ಕೂ ಮೆದು. ನಮ್ಮಲ್ಲಿ ಅದನ್ನು ವೃದ್ಧರಿಗೆ ಸೂಚಿಸುವವರು ಕಡಿಮೆ. ಅದು ಬೇರೆಯೇ ಉಪನ್ಯಾಸದ ವಿಷಯ.

ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಕೃತಕ ಕಿಡ್ನಿ ಉಳಿಸಿದ ಮೊದಲ ಜೀವ ಒಬ್ಬ ಅಜ್ಜಿಯದು. ಎರಡನೆಯ ಮಹಾಯುದ್ಧದ ನಡುವೆ, ಜರ್ಮನ್ನರ ವಶದಲ್ಲಿದ್ದ ನೆದರ್‌ಲ್ಯಾಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಪೀಪಾಯಿಗೆ ಸುತ್ತಿ ಯಂತ್ರ ಕಟ್ಟಿದ. 1943ರಿಂದ ಒಬ್ಬರಾದ ಮೇಲೊಬ್ಬರಿಗೆ ಪ್ರಯತ್ನಿಸಿದ, ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ ಸೋಫಿಯಾ ಶಾಫ್‌ಸ್ಟಾಟ್ ಎಂಬ 67ರ ಹೆಂಗಸು ಬದುಕಿದಳು. ನಾಜಿಗಳ ಜೊತೆ ಸೇರಿದ್ದಳೆಂದು ಸೆರೆಯಲ್ಲಿದ್ದವಳು. ಆಕೆಯನ್ನು ಉಳಿಸಿದ್ದು ಊರಿನವರಲ್ಲಿ ಹಲವರಿಗೆ ಇಷ್ಟವಿರಲಿಲ್ಲ. ಆದರೆ ಆಕೆಯದು ತಾತ್ಕಾಲಿಕ ವೈಫಲ್ಯ, ಕಿಡ್ನಿ ಮತ್ತೆ ಚೇತರಿಸಿಕೊಂಡಿತು, ಯಂತ್ರ ಬಿಟ್ಟುಹೋಯಿತು.

ಬಿಡದೆ ನಡೆಯುವ ಡಯಾಲಿಸಿಸ್ ಶುರುವಾದದ್ದು 1960ರಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ. ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ರೂಪಿಸಿದ. ಆತನ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದ. ಯಂತ್ರ ಕೆಲವು, ರೋಗಿಗಳು ಸಾಲುಸಾಲು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು: ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. 1962ರ ನವೆಂಬರಿನಲ್ಲಿ ಶಾನಾ ಅಲೆಕ್ಸಾಂಡರ್ 'ಲೈಫ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದಾಗ ದೇಶ ಬೆಚ್ಚಿತು. ಆ ಸಮಿತಿಯ ಮುಂದೆ ಹೋಗುವುದಕ್ಕೂ ಮೊದಲೇ ದಾಟಬೇಕಾದ ಬಾಗಿಲೊಂದಿತ್ತು: ವಯಸ್ಸು 45 ಮೀರಿರಬಾರದು. ಇಂದು ನಾವು ಮಾತಾಡುತ್ತಿರುವ ಯಾರೂ ಆ ಪಟ್ಟಿಯಲ್ಲಿ ಬರುತ್ತಲೇ ಇರಲಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಖರ್ಚಿನ ಬಹುಪಾಲನ್ನು ಸರ್ಕಾರವೇ ಹೊರುವ ಕಾನೂನು ತಂದಿತು. ಸಮಿತಿ ಹೋಯಿತು, ಮಿತಿ ಹೋಯಿತು, ಮುಂದಿನ ದಶಕಗಳಲ್ಲಿ ಡಯಾಲಿಸಿಸ್ ಕುರ್ಚಿಗಳಲ್ಲಿ ಕೂತವರ ತಲೆ ನರೆಯುತ್ತಾ ಹೋಯಿತು.

ನಮ್ಮಲ್ಲಿ ಸಮಿತಿ ಇರಲಿಲ್ಲ, ದುಡ್ಡೇ ಸಮಿತಿಯಾಗಿತ್ತು. ಹೊಲ ಮಾರಿ ಡಯಾಲಿಸಿಸ್ ಮಾಡಿಸಿ, ಹೊಲವೂ ಮನುಷ್ಯನೂ ಇಲ್ಲವಾದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು, 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂತು, ತಾಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ಒಳ್ಳೆಯ ಕೆಲಸ. ಬಡವರ ಮನೆಯ ಮೂವತ್ತರ ಹುಡುಗಿ ಕಿಡ್ನಿ ಕಸಿ ಆಗುವವರೆಗೆ ಉಳಿದುಕೊಳ್ಳುತ್ತಾಳೆಂದರೆ ಅದಕ್ಕಿಂತ ಇನ್ನೇನು ಬೇಕು? ಆದರೆ ಉಚಿತವಾದದ್ದಕ್ಕೆ ಒಂದು ಗುಣವಿದೆ. ಬೇಕೇ ಎಂದು ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ.

ನಾನು ವೃದ್ಧರಿಗೆ ಡಯಾಲಿಸಿಸ್ ಬೇಡ ಎನ್ನುವ ಪಕ್ಷದವನಲ್ಲ. ಈ ದೇಶದ ಅತ್ಯಂತ ಪ್ರಸಿದ್ಧ ಡಯಾಲಿಸಿಸ್ ರೋಗಿಯನ್ನು ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿಯಲ್ಲಿ ಬಂಧನದಲ್ಲಿದ್ದಾಗ ಜಯಪ್ರಕಾಶ ನಾರಾಯಣರ ಕಿಡ್ನಿಗಳು ಹೋದವು. 1975ರ ನವೆಂಬರಿನಲ್ಲಿ ಬಿಡುಗಡೆಯಾಗಿ ಮುಂಬಯಿಯ ಜಸ್ಲೋಕ್ ಆಸ್ಪತ್ರೆಗೆ ಬಂದಾಗ ಅವರಿಗೆ 73. ಸಿಯಾಟಲ್ ಲೆಕ್ಕದಲ್ಲಿ ಇಪ್ಪತ್ತೆಂಟು ವರ್ಷ ಮೀರಿದವರು. ನೆಫ್ರಾಲಜಿಸ್ಟ್ ಎಂ.ಕೆ. ಮಣಿ ಅವರ ಕೈಕೆಳಗೆ ಡಯಾಲಿಸಿಸ್ ಶುರುವಾಯಿತು, ಯಂತ್ರ ಕೊಳ್ಳಲು ಜನ ಚಂದಾ ಎತ್ತಿದರು. ಆ ಯಂತ್ರದ ಆಸರೆಯಲ್ಲೇ ಅವರು 1977ರ ಚುನಾವಣೆಯ ಹೊತ್ತಿಗೆ ಬೇರೆಬೇರೆ ಪಕ್ಷಗಳನ್ನು ಒಂದು ಮಾಡಿದರು. 1979ರ ಮಾರ್ಚಿನಲ್ಲಿ ಅವರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ತಪ್ಪಾಗಿ ಘೋಷಿಸಿ, ಸದನ ಶ್ರದ್ಧಾಂಜಲಿ ಸಲ್ಲಿಸಿದಾಗ ಜೆಪಿ ಜಸ್ಲೋಕಿನಲ್ಲಿ ಬದುಕೇ ಇದ್ದರು. ಆಮೇಲೆ ಆರು ತಿಂಗಳು ಇದ್ದು ಅಕ್ಟೋಬರ್ 8ರಂದು ಹೋದರು. ನಮ್ಮ ಯು.ಆರ್. ಅನಂತಮೂರ್ತಿಯವರೂ ಬದುಕಿನ ಕೊನೆಯ ಘಟ್ಟದಲ್ಲಿ ಡಯಾಲಿಸಿಸ್ ಜೊತೆಗೇ ಬರೆದರು, ವಾದ ಮಾಡಿದರು. 2014ರ ಆಗಸ್ಟಿನಲ್ಲಿ, 81ರಲ್ಲಿ ತೀರಿಕೊಂಡಾಗ 'ಹಿಂದುತ್ವ ಅಥವಾ ಹಿಂದ್ ಸ್ವರಾಜ್' ಎಂಬ ಬರಹವನ್ನು ಬಿಟ್ಟುಹೋದರು. ವಯಸ್ಸೊಂದನ್ನೇ ನೋಡಿ ಬೇಡವೆನ್ನುವವರಿಗೆ ಈ ಇಬ್ಬರೇ ಉತ್ತರ. ಇಬ್ಬರಿಗೂ ಮಾಡಬೇಕಾದದ್ದು ಇನ್ನೂ ಇತ್ತು, ಅದಕ್ಕಾಗಿ ಸೂಜಿಯನ್ನು ಸಹಿಸಲು ಸಿದ್ಧರಿದ್ದರು, ಸುತ್ತ ಕೈಗಳಿದ್ದವು.

ಇನ್ನು ಎಲ್ಲರಿಗೂ ಅನ್ವಯಿಸುವ ಲೆಕ್ಕ. 2007ರಲ್ಲಿ ಫ್ಲಿಸ್ ಮುರ್ಟಾ ಮತ್ತು ಸಂಗಡಿಗರು ಇಂಗ್ಲೆಂಡಿನ ನಾಲ್ಕು ಕಿಡ್ನಿ ಘಟಕಗಳ, 75 ದಾಟಿದ 129 ಜನರ ವಿವರ ಪ್ರಕಟಿಸಿದರು. ಡಯಾಲಿಸಿಸ್ ದಾರಿ ಹಿಡಿದವರಲ್ಲಿ ಎರಡು ವರ್ಷದ ಕೊನೆಗೆ ನೂರಕ್ಕೆ 76 ಜನ ಬದುಕಿದ್ದರು, ಬೇಡವೆಂದವರಲ್ಲಿ 47. ಇಲ್ಲಿಗೇ ನಿಲ್ಲಿಸಿದರೆ ಪ್ರಶ್ನೆಯೇ ಇಲ್ಲ. ಆದರೆ ಬೇರೆ ಕಾಯಿಲೆಗಳ ಭಾರ ಹೆಚ್ಚಿದ್ದವರನ್ನು, ಅದರಲ್ಲೂ ಹೃದಯದ ರಕ್ತನಾಳದ ಕಾಯಿಲೆ ಇದ್ದವರನ್ನು ಬೇರೆ ಮಾಡಿ ನೋಡಿದಾಗ ಆ ಅಂತರ ಅಳಿಸಿಹೋಯಿತು. ನೆದರ್‌ಲ್ಯಾಂಡ್ಸಿನಲ್ಲಿ ಆಮೇಲೆ ನಡೆದ ಅಧ್ಯಯನದಲ್ಲಿ, 80 ದಾಟಿದವರಲ್ಲಿ ಲೆಕ್ಕಕ್ಕೆ ಹಿಡಿಯಬಹುದಾದ ಅಂತರ ಸಿಗಲಿಲ್ಲ. ಇವು ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ. ಗಟ್ಟಿಮುಟ್ಟಾಗಿದ್ದವರೇ ಡಯಾಲಿಸಿಸ್ ಆರಿಸಿಕೊಂಡಿರುತ್ತಾರೆ, ಆದ್ದರಿಂದ ಯಂತ್ರದ ಪಾಲಿಗೆ ಬಂದ ಪುಣ್ಯದಲ್ಲಿ ಸ್ವಲ್ಪ ಅವರ ಮೈಯ ಪುಣ್ಯವೂ ಸೇರಿದೆ.

ಲಂಡನ್ನಿನ ಇನ್ನೊಂದು ತಂಡ 2009ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಹೆಚ್ಚು ಮುಖ್ಯ. ಎಪ್ಪತ್ತು ದಾಟಿದ 202 ಜನ. ಡಯಾಲಿಸಿಸ್ ಗುಂಪಿನವರ ಮಧ್ಯಾಂಕ ಆಯಸ್ಸು ಸುಮಾರು 38 ತಿಂಗಳು, ಇನ್ನೊಂದು ಗುಂಪಿನದು ಸುಮಾರು 14. ಎರಡು ವರ್ಷದ ವ್ಯತ್ಯಾಸ, ಸಣ್ಣದಲ್ಲ. ಆದರೆ ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನೂ ಅವರು ಎಣಿಸಿದರು, ಡಯಾಲಿಸಿಸ್‌ಗೆ ಹೋದ ದಿನಗಳನ್ನೂ ಸೇರಿಸಿ. ಡಯಾಲಿಸಿಸ್ ಗುಂಪಿಗೆ ವರ್ಷದಲ್ಲಿ 173 ದಿನ. ಇನ್ನೊಂದು ಗುಂಪಿಗೆ 16. ಕೊನೆಯುಸಿರೆಳೆದದ್ದು ಎಲ್ಲಿ ಎಂದು ನೋಡಿದಾಗ, ಮನೆಯಲ್ಲೋ ಕೊನೆಗಾಲದ ಆರೈಕೆಯ ಹಾಸ್ಪಿಸ್‌ನಲ್ಲೋ ತೀರಿಕೊಳ್ಳುವ ಸಾಧ್ಯತೆ ಎರಡನೆಯ ಗುಂಪಿಗೆ ನಾಲ್ಕು ಪಟ್ಟು ಹೆಚ್ಚಿತ್ತು.

ಅದೇ ವರ್ಷ ಅಮೆರಿಕದಿಂದ ಬಂದ ಅಧ್ಯಯನ ಓದಿದ ಮೇಲೆ ನಾನು ಮಾತಾಡುವ ರೀತಿಯೇ ಬದಲಾಯಿತು. ಮಂಜುಳಾ ಕುರೆಲ್ಲಾ ತಮುರಾ ಮತ್ತು ಸಂಗಡಿಗರು ನೋಡಿದ್ದು ನರ್ಸಿಂಗ್ ಹೋಮುಗಳಲ್ಲಿ, ಅಂದರೆ ಅಲ್ಲಿನ ವೃದ್ಧಾಲಯಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದ 3702 ಜನರನ್ನು. ವರ್ಷ ಕಳೆಯುವ ಹೊತ್ತಿಗೆ ನೂರಕ್ಕೆ 58 ಜನ ತೀರಿಕೊಂಡಿದ್ದರು. ಉಣ್ಣುವುದು, ಉಡುವುದು, ಏಳುವುದು, ಬಚ್ಚಲಿಗೆ ಹೋಗುವುದು, ಇವನ್ನು ಮೊದಲಿನಷ್ಟೇ ಮಾಡಬಲ್ಲವರಾಗಿ ಉಳಿದಿದ್ದವರು 13. ಹಾಸಿಗೆಯಿಂದ ಎದ್ದು ಓಡಾಡಲೆಂದು ಡಯಾಲಿಸಿಸ್ ಮಾಡಿಸುತ್ತೇವೆ ಎನ್ನುವ ಮಕ್ಕಳಿಗೆ ಈ ಅಂಕಿಯನ್ನು ಹೇಳದೆ ಸಹಿ ತೆಗೆದುಕೊಳ್ಳುವುದು ನ್ಯಾಯವಲ್ಲ.

2024ರಲ್ಲಿ ಬಂದದ್ದು ಇನ್ನೂ ಸೂಕ್ಷ್ಮ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಯಿಂದ, 65 ದಾಟಿದ, ಕಸಿಗೆ ಹೆಸರು ಹಚ್ಚದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ತಕ್ಷಣ ಶುರು ಮಾಡಿದವರು, ಔಷಧಿಯಲ್ಲೇ ಮುಂದುವರಿದು ಕಾದವರಿಗಿಂತ ಮೂರು ವರ್ಷದ ಅವಧಿಯಲ್ಲಿ ಸರಾಸರಿ ಒಂಬತ್ತು ದಿನ ಹೆಚ್ಚು ಬದುಕಿದರು, ಮನೆಯಲ್ಲಿ ಕಳೆದ ದಿನಗಳು ಮಾತ್ರ ಹದಿಮೂರಕ್ಕೂ ಹೆಚ್ಚು ಕಡಿಮೆಯಾದವು. ಡಯಾಲಿಸಿಸ್ ಅನ್ನು ಎಂದೂ ಶುರು ಮಾಡದವರ ಜೊತೆ ಹೋಲಿಸಿದರೆ ಆಯಸ್ಸಿನ ಲಾಭ ಸುಮಾರು 77 ದಿನ. ಎಪ್ಪತ್ತೇಳು ದಿನ ಎಂದರೆ ಯುಗಾದಿಯಿಂದ ಕಾರಹುಣ್ಣಿಮೆವರೆಗೆ ಎಂದುಕೊಳ್ಳಿ. ಮೊಮ್ಮಗಳ ಮದುವೆ ನಡುವೆ ಇದ್ದರೆ ಅದು ದೊಡ್ಡ ಲಾಭ. ಆ ದಿನಗಳನ್ನು ಆಂಬುಲೆನ್ಸಿನಲ್ಲೂ ವಾರ್ಡಿನಲ್ಲೂ ಕಳೆಯಬೇಕಾದರೆ ಲಾಭವೇ ಎಂದು ಅವರವರೇ ಹೇಳಬೇಕು. ಇದೆಲ್ಲ ಮನೆ ಬಾಗಿಲಿಗೆ ವಾಹನ ಬರುವ ದೇಶಗಳ ಲೆಕ್ಕ ಎಂಬುದೂ ನೆನಪಿರಲಿ. ತೋಟದ ಮನೆಯಿಂದ ಎರಡು ಮೈಲಿ ನಡೆದು, ಎರಡು ಬಸ್ಸು ಬದಲಿಸಿ ತಾಲೂಕು ಆಸ್ಪತ್ರೆಗೆ ಬರುವವರ ಲೆಕ್ಕಕ್ಕೆ ಜೊತೆಯಲ್ಲಿ ಬರುವವರ ಕೂಲಿಯನ್ನೂ ಸೇರಿಸಬೇಕು.

ಈಗ ಉಪನ್ಯಾಸದ ತಲೆಬರಹಕ್ಕೆ ಬರುತ್ತೇನೆ. ಬೇಡವೆಂದರೆ ಮುಂದೇನು? ನಮ್ಮಲ್ಲಿ ಸಿಗುವ ಉತ್ತರ: "ಮನೆಗೆ ಕರ್ಕೊಂಡ್ ಹೋಗಿ." ಅಷ್ಟೇ. ಡಿಸ್ಚಾರ್ಜ್ ಚೀಟಿಯ ಮೇಲೆ 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂಬ ಮುದ್ರೆ ಬೇರೆ. ಮನೆಯವರು ತಪ್ಪಿತಸ್ಥರಂತೆ ಆಟೋ ಹತ್ತುತ್ತಾರೆ. ಮಾಡಲು ಕೆಲಸ ಬೇಕಾದಷ್ಟಿರುವುದು ಆ ದಿನದಿಂದಲೇ.

ಕಾಲು ಊದಿದರೆ, ಉಸಿರು ಕಟ್ಟಿದರೆ ನೀರಿಳಿಸುವ ಮಾತ್ರೆಯನ್ನು ಧಾರಾಳವಾಗಿ ಏರಿಸಬಹುದು. ರಕ್ತ ಕಡಿಮೆಯಾಗಿ ಸುಸ್ತು ಬಂದರೆ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ಕಬ್ಬಿಣಾಂಶ. ರಕ್ತ ಹುಳಿಯಾಗುವುದಕ್ಕೆ ಸೋಡಾ ಬೈಕಾರ್ಬೊನೇಟ್ ಮಾತ್ರೆ, ಅಗ್ಗದ್ದು. ರಾತ್ರಿಯೆಲ್ಲ ನಿದ್ದೆಗೆಡಿಸುವ ತುರಿಕೆ ಕಿಡ್ನಿ ರೋಗಿಗಳು ಬಹಳವಾಗಿ ಅನುಭವಿಸುವ, ವೈದ್ಯರು ಕಡಿಮೆ ವಿಚಾರಿಸುವ ಕಷ್ಟ. ಗ್ಯಾಬಪೆಂಟಿನ್ ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಎಷ್ಟೋ ಜನ ಮಲಗುತ್ತಾರೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಏಳುವುದೇ ಇಲ್ಲ ಎಂಬಷ್ಟು ಮಂಪರು. ಒಣಚರ್ಮಕ್ಕೆ ಕೊಬ್ಬರಿ ಎಣ್ಣೆ. ನೋವಿಗೆ ಪ್ಯಾರಾಸಿಟಮಾಲ್; ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡದು. ಅದಕ್ಕೂ ಮೀರಿದ ನೋವಿಗೆ ಮಾರ್ಫಿನ್ ಮೈಯಲ್ಲಿ ಉಳಿದುಹೋಗಿ ತೊಂದರೆ ಕೊಡುವುದರಿಂದ ಫೆಂಟನಿಲ್, ಬುಪ್ರೆನಾರ್ಫಿನ್ ಪಟ್ಟಿಗಳು ಮೇಲು. 2014ರಲ್ಲಿ ಮಾದಕವಸ್ತು ಕಾನೂನಿನ ತಿದ್ದುಪಡಿಯಾಗಿ ಇಂಥ ಔಷಧಿಗಳ ಲೈಸೆನ್ಸು ಸುಲಭವಾಗಿದೆ, ಆದರೂ ತಾಲೂಕು ಮಟ್ಟದಲ್ಲಿ ಹುಡುಕಿ ನೋಡಿ, ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಒಂದು ಸಂಭ್ರಮವನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. "ಡಾಕ್ಟ್ರೇ, ಅಪ್ಪನ ಶುಗರ್ ನಾರ್ಮಲ್ ಆಗಿಬಿಟ್ಟಿದೆ, ಕಷಾಯದಿಂದ ವಾಸಿಯಾಯ್ತು!" ವಾಸಿಯಾದದ್ದಲ್ಲ. ಇನ್ಸುಲಿನ್ ಅನ್ನು ಹೊರಹಾಕಬೇಕಾದ ಕಿಡ್ನಿಯೇ ನಿಂತಿರುವುದರಿಂದ ಅದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತಿದೆ. ಪ್ರಮಾಣ ಇಳಿಸದಿದ್ದರೆ ಒಂದು ನಸುಕಿನಲ್ಲಿ ಶುಗರ್ ಪಾತಾಳಕ್ಕಿಳಿಯುತ್ತದೆ.

ಊಟದ ಮಾತು. ಕಿಡ್ನಿ ಪಥ್ಯವೆಂದರೆ ಅಡುಗೆಮನೆಗೆ ಬೀಗ ಹಾಕಿದಂತೆ ಎಂದುಕೊಂಡವರಿದ್ದಾರೆ. ಬೇಳೆ ಬೇಡ, ಸೊಪ್ಪು ಬೇಡ, ಹಣ್ಣು ಬೇಡ, ಉಪ್ಪಂತೂ ಬೇಡವೇ ಬೇಡ. ಡಯಾಲಿಸಿಸ್ ಬೇಡವೆಂದು ತೀರ್ಮಾನಿಸಿದ ಎಂಬತ್ತೆರಡರ ಹಿರಿಯರಿಗೆ ಅಷ್ಟು ಕಟ್ಟುನಿಟ್ಟು ಏತಕ್ಕೆ? ಎಳನೀರಿನಲ್ಲಿ ಪೊಟ್ಯಾಸಿಯಂ ವಿಪರೀತ, ಅದು ಹೃದಯವನ್ನೇ ನಿಲ್ಲಿಸಬಹುದು. ಕರಾವಳಿಯವರ ದಾರೆಹುಳಿ ಕಿಡ್ನಿ ಕೆಟ್ಟವರ ಮಿದುಳಿಗೆ ವಿಷ. ಇವೆರಡನ್ನೂ ಬಿಡಿಸಿ, ತರಕಾರಿ ಬೇಯಿಸಿದ ನೀರು ಚೆಲ್ಲಿಸಿ, ಉಪ್ಪಿನಕಾಯಿ ಹಪ್ಪಳದ ಮೇಲೆ ಕಣ್ಣಿಡಿಸಿ, ಉಳಿದದ್ದನ್ನು ಸಡಿಲ ಬಿಡುತ್ತೇನೆ. ಮಧ್ಯಾಹ್ನ ಅರ್ಧ ಮುದ್ದೆ ಬೇಕೆಂದರೆ ಉಣ್ಣಲಿ.

ಕೊನೆ ಹೇಗಿರುತ್ತದೆ ಎಂದು ಎಲ್ಲರೂ ಕೇಳಬೇಕೆಂದುಕೊಂಡು ಕೇಳದೆ ಹೋಗುತ್ತಾರೆ. ಹೆಚ್ಚಿನವರಿಗೆ ಹಸಿವು ಇಂಗುತ್ತದೆ, ನಿದ್ದೆ ಹೆಚ್ಚುತ್ತದೆ, ಮಾತು ತೊದಲುತ್ತದೆ, ಕೆಲವೇ ದಿನಗಳಲ್ಲಿ ಮಂಪರು ಗಾಢವಾಗುತ್ತದೆ. ಕೆಲವರಿಗೆ ವಾಕರಿಕೆ, ಮೈ ಅದರುವುದು, ಏದುಸಿರು ಬರುತ್ತವೆ. ಇವುಗಳಿಗೆ ಔಷಧಿ ಇದೆ, ಮನೆಯಲ್ಲೇ ಕೊಡಬಹುದು, ಆದರೆ ಮೊದಲೇ ತಂದಿಟ್ಟಿರಬೇಕು. ಏನಾಗುತ್ತದೆಂದು ಹೇಳಿಸಿಕೊಂಡ ಮನೆ ಆ ರಾತ್ರಿ ಹೆದರುವುದಿಲ್ಲ. ಹೇಳಿಸಿಕೊಳ್ಳದ ಮನೆ ಮತ್ತೆ ಐಸಿಯು ಕಾರಿಡಾರಿಗೇ ಬರುತ್ತದೆ.

ತೀರ್ಮಾನ ಯಾರದು? ಕೆನಡಾದ ಆಲ್ಬರ್ಟಾದಲ್ಲಿ ಸಾರಾ ಡೇವಿಸನ್ 584 ಕಿಡ್ನಿ ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದರು. ಡಯಾಲಿಸಿಸ್ ಶುರು ಮಾಡಿದ್ದಕ್ಕೆ ಮರುಗುತ್ತೇವೆ ಎಂದವರು ನೂರಕ್ಕೆ 61. ಏಕೆ ಶುರು ಮಾಡಿದಿರಿ ಎಂದರೆ, ಅರ್ಧಕ್ಕೂ ಹೆಚ್ಚು ಜನ ಡಾಕ್ಟರ ಇಚ್ಛೆಯಿಂದ ಎಂದರು. ನಮ್ಮಲ್ಲಿ ಕೇಳಿದರೆ ಮಕ್ಕಳ ಪಾಲು ಇನ್ನೂ ದೊಡ್ಡದಿರಬಹುದೆಂದು ನನ್ನ ಊಹೆ. ಅಜ್ಜಿಯನ್ನೇ ಕೇಳೋಣವೆಂದರೆ, "ನಂಗೇನ್ ಗೊತ್ತಾಯ್ತದೆ ಸ್ವಾಮಿ, ಮಗ ಹೇಳ್ದಂಗೆ" ಎನ್ನುತ್ತಾಳೆ. ಮಗನನ್ನು ಕೇಳಿದರೆ ಅವನ ಕಣ್ಣ ಮುಂದೆ ನೆಂಟರಿಷ್ಟರ ಸಾಲು: ದುಡ್ಡಿಗೆ ಹಿಂದೆಮುಂದೆ ನೋಡಿ ತಾಯಿಯನ್ನು ಕಳಕೊಂಡ ಎಂದಾರು. ಅಷ್ಟರಲ್ಲಿ ಅಮೆರಿಕದಲ್ಲಿರುವ ತಮ್ಮನ ಫೋನು: "ಏನೇ ಖರ್ಚಾಗ್ಲಿ, ಎಲ್ಲಾ ಮಾಡಿ." ನಮ್ಮವರು ಮಾತ್ರ ಹೀಗೆಂದು ತಿಳಿಯಬೇಡಿ. ದೂರದಿಂದ ಬಂದಿಳಿದು ಎಲ್ಲವನ್ನೂ ಮಾಡಿಸೆಂದು ಹಟ ಹಿಡಿಯುವ ಸಂತಾನಕ್ಕೆ ವೈದ್ಯ ಸಾಹಿತ್ಯದಲ್ಲೇ ಹೆಸರಿದೆ, 'ಕ್ಯಾಲಿಫೋರ್ನಿಯಾದ ಮಗಳು' ಎಂದು. 1991ರ ಪ್ರಬಂಧವೊಂದರ ಶೀರ್ಷಿಕೆಯಲ್ಲೇ ಅದು ಬಂದಿದೆ.

ಡಯಾಲಿಸಿಸ್ ಬೇಕೋ ಬೇಡವೋ ಎಂದು ನೇರವಾಗಿ ಕೇಳುವುದನ್ನು ನಾನು ಬಿಟ್ಟೆ. ಸಕಲೇಶಪುರದ ಕಡೆಯ ಒಬ್ಬ ಅಜ್ಜಿಯನ್ನು, "ಬೆಳಗ್ಗೆ ಎದ್ದು ಏನೇನ್ ಮಾಡ್ತೀರಿ ಅಜ್ಜಿ?" ಎಂದು ಕೇಳಿದೆ. ಹಸುವಿನ ಹತ್ತಿರ ಹೋಗಿ ಕೂರುವುದು, ಹಾಲು ಕರೆಯುವ ಸೊಸೆಗೆ ಬಯ್ಯುವುದು, ಹೂ ಕಿತ್ತು ದೇವರಿಗಿಡುವುದು. ಸೊಸೆ ನಕ್ಕಳು. "ವಾರದಾಗೆ ಮೂರ್ ದಿನ ಹಾಸನಕ್ಕೆ ಬಂದ್ರೆ?" ಎಂದೆ. "ಮೂರ್ ದಿನ್ವಾ? ಹಸಾನ ಯಾರ್ ನೋಡ್ತಾರೆ?" ಉತ್ತರ ಅಲ್ಲೇ ಇತ್ತು, ಮಗನಿಗೂ ಕೇಳಿಸಿತು. ಇದೇ ಪ್ರಶ್ನೆಗೆ ಒಬ್ಬ ನಿವೃತ್ತ ಮೇಷ್ಟ್ರು, "ಮೊಮ್ಮಗನ ಎಸ್‌ಎಸ್‌ಎಲ್‌ಸಿ ಮುಗಿಯೋ ತನಕ ಇರಬೇಕು ಡಾಕ್ಟ್ರೇ, ಲೆಕ್ಕ ಹೇಳಿಕೊಡೋರು ಯಾರೂ ಇಲ್ಲ" ಎಂದರು. ಅವರಿಗೆ ಡಯಾಲಿಸಿಸ್ ಸೂಜಿ ಚುಚ್ಚಲು ಅನುವಾಗುವಂತೆ ಕೈಯಲ್ಲಿ ಫಿಸ್ಟುಲಾ ಮಾಡಿಸಿ ಕಳಿಸಿದ್ದಾಯಿತು.

ಎರಡರ ನಡುವೆ ತೂಗುತ್ತಿರುವವರಿಗೆ ಇನ್ನೊಂದು ಉಪಾಯವಿದೆ: ಗಡುವು ಇಟ್ಟುಕೊಂಡು ಪ್ರಯತ್ನ. ಎರಡು ಮೂರು ತಿಂಗಳು ಡಯಾಲಿಸಿಸ್ ಮಾಡಿ ನೋಡೋಣ, ನಡೆದಾಟ, ಊಟ, ನಿದ್ದೆ ಸುಧಾರಿಸದಿದ್ದರೆ ನಿಲ್ಲಿಸೋಣ ಎಂದು ಮೊದಲೇ ಮಾತಾಡಿಕೊಳ್ಳುವುದು. ನಿಲ್ಲಿಸಬಹುದೇ ಎಂದು ಗಾಬರಿಯಾಗುತ್ತಾರೆ. ನಿಲ್ಲಿಸಬಹುದು. ಅಮೆರಿಕದ ಕಾದಂಬರಿಕಾರ ಜೇಮ್ಸ್ ಮಿಚೆನರ್ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು, 90ರ ವಯಸ್ಸಿನಲ್ಲಿ, 1997ರ ಅಕ್ಟೋಬರಿನಲ್ಲಿ ಸಾಕೆಂದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಹಾಸ್ಯ ಲೇಖಕ ಆರ್ಟ್ ಬುಕ್‌ವಾಲ್ಡ್ ಕತೆ ಬೇರೆ. 2006ರಲ್ಲಿ ಡಯಾಲಿಸಿಸ್ ಬೇಡವೆಂದು ಹಾಸ್ಪಿಸ್ ಸೇರಿದ, ವಾರಗಳ ಮಾತು ಎಂದರು, ಆದರೆ ಕಿಡ್ನಿ ತಾನಾಗಿಯೇ ಸ್ವಲ್ಪ ಚೇತರಿಸಿಕೊಂಡಿತು. ತಿಂಗಳುಗಟ್ಟಲೆ ಅಲ್ಲಿ ದರ್ಬಾರು ನಡೆಸಿ, ಮನೆಗೆ ಮರಳಿ, ಅದರ ಬಗ್ಗೆಯೇ ಪುಸ್ತಕ ಬರೆದು 2007ರ ಜನವರಿಯಲ್ಲಿ ಹೋದ. ಎಲ್ಲರಿಗೂ ಹೀಗಾಗುವುದಿಲ್ಲ. ಇಷ್ಟೇ ದಿನ ಎಂದು ಕರಾರುವಾಕ್ಕಾಗಿ ಹೇಳುವ ಡಾಕ್ಟರನ್ನು ಮಾತ್ರ ಪೂರ್ತಿ ನಂಬಬೇಡಿ.

ಇದು ದಯಾಮರಣವಲ್ಲವೇ, ಸಲ್ಲೇಖನದಂತಲ್ಲವೇ ಎಂದು ಕೇಳುವವರಿದ್ದಾರೆ. ಶ್ರವಣಬೆಳಗೊಳದ ನಾಡಿನಲ್ಲಿ ಆ ಪ್ರಶ್ನೆ ಸಹಜ. ಸಲ್ಲೇಖನದಲ್ಲಿ ಅನ್ನನೀರು ಬಿಡುವ ವ್ರತವಿದೆ. ಇಲ್ಲಿ ಬಿಡುವುದು ಯಂತ್ರವನ್ನು ಮಾತ್ರ. ಎಚ್ಚರವಿರುವ ವಯಸ್ಕರು ಯಾವ ಚಿಕಿತ್ಸೆಯನ್ನೂ ಬೇಡವೆನ್ನಬಹುದು. ಎಚ್ಚರ ತಪ್ಪಿದ ಮೇಲೆ ಏನು ಎಂಬುದೇ ತೊಡಕು. ಹೊನ್ನಾವರದ ಹಳದೀಪುರದಿಂದ ಮುಂಬಯಿಗೆ ನರ್ಸ್ ಆಗಿ ಹೋಗಿ, ಹಲ್ಲೆಗೊಳಗಾಗಿ ದಶಕಗಟ್ಟಲೆ ಹಾಸಿಗೆಯಲ್ಲಿದ್ದ ಅರುಣಾ ಶಾನಭಾಗ ಪ್ರಕರಣದ 2011ರ ತೀರ್ಪಿನಿಂದ ಈ ಕಾನೂನು ಬೆಳೆಯಿತು. ಮುಂಚಿತವಾಗಿ ಬರೆದಿಟ್ಟ ಇಚ್ಛೆಗೆ ಮಾನ್ಯತೆ ಇದೆ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಕಷ್ಟದ ಷರತ್ತನ್ನು 2023ರ ಜನವರಿಯಲ್ಲಿ ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಗೆ ಹೊರಡಿಸಿದೆ. ಕಾಗದದ ಮೇಲೆ ನಾವು ಮುಂದಿದ್ದೇವೆ.

ಕಾಗದದ ಆಚೆಗೆ ಹಣದ ದಾರಿ ನೋಡಿ. ಡಯಾಲಿಸಿಸ್‌ಗೆ ಸಿಟ್ಟಿಂಗ್ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಒಂದು ಗಂಟೆ ಕೂತು ಮನೆಮಂದಿಯ ಜೊತೆ ಮಾತಾಡಿದ್ದಕ್ಕೆ, ಹಳ್ಳಿಗೆ ಹೋಗಿ ತುರಿಕೆ ಹೇಗಿದೆ ಎಂದು ವಿಚಾರಿಸಿದ್ದಕ್ಕೆ ಯಾರ ಬಿಲ್ಲೂ ಇಲ್ಲ. ಒಂದು ಕಡೆ ಸುಸಜ್ಜಿತ ಘಟಕ, ಇನ್ನೊಂದು ಕಡೆ ಆಟೋ ಸ್ಟ್ಯಾಂಡು. ಇವುಗಳ ನಡುವೆ ಆರಿಸಿಕೊಳ್ಳಿ ಎನ್ನುವುದನ್ನು ಆಯ್ಕೆ ಎನ್ನಲಾಗದು. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಸಣ್ಣದಾಗಿ ಶುರು ಮಾಡಿದ ಉಪಶಾಮಕ ಆರೈಕೆ 2008ರ ಹೊತ್ತಿಗೆ ಸರ್ಕಾರದ ನೀತಿಯಾಯಿತು, ಪಂಚಾಯಿತಿ ಮಟ್ಟದ ನರ್ಸುಗಳು ಮನೆಗಳಿಗೆ ಹೋಗತೊಡಗಿದರು. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗಾಗಿ ಅಂಥದ್ದೇ ಕೆಲಸ ಮಾಡುತ್ತಾ ಬಂದಿದೆ. ಕಿಡ್ನಿಯವರಿಗೆ ಅದು ಸಿಗಬಾರದೆಂದೇನಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಡಯಾಲಿಸಿಸ್ ಘಟಕವಿರುವ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ತರಬೇತಾದ ಒಬ್ಬ ನರ್ಸು, ವಾರಕ್ಕೆ ಎರಡು ದಿನ ಒಂದು ಜೀಪು, ಬೀಗ ಹಾಕಿದ ಕಪಾಟಿನಲ್ಲಿ ಹತ್ತೆಂಟು ಔಷಧಿ. ಮತ್ತೆ, ಈಗ ಘಟಕದ ರಿಜಿಸ್ಟರಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಹೆಸರು ಮಾತ್ರ ಇದೆ. ಬೇಡವೆಂದವರು ಆ ದಿನವೇ ದಾಖಲೆಯಿಂದ ಮಾಯ. ಅವರಿಗೂ ಒಂದು ಪುಟ ತೆರೆಯಲಿ. ಹೆಸರು, ಊರು, ತೆಗೆದುಕೊಳ್ಳುತ್ತಿರುವ ಔಷಧಿ, ಮನೆಯವರ ಫೋನ್ ನಂಬರು, ನರ್ಸಮ್ಮ ಮುಂದಿನ ಸಲ ಬರುವ ತಾರೀಖು.